ಕದಲಿಸಬಾರದ ಕುಂಡ

ಬೇರಿನ ಕತ್ತಲಲ್ಲಿ ನೀರಾಗಿಯೂ ಎಲೆಯ ತುದಿಯಲ್ಲಿ ಬೆಳಕಾಗಿಯೂ ನೆಲೆಸಿರುವ ಪರಮಾತ್ಮನಿಗೆ ಮಣಿದು, ಒಂದು ಗಿಡದ ನೆಪದಲ್ಲಿ ಎರಡು ಮನಸ್ಸುಗಳು ಕೂಡಿದ ಕಥೆಯನ್ನು ನಿರೂಪಿಸುತ್ತೇನೆ.

ಎದುರುಮನೆಯ ದಂತವೈದ್ಯೆಯು ತನ್ನ ಅಕ್ಕನ ಬಾಣಂತನಕ್ಕೆ ಹೊರಡುವಾಗ ತನ್ನ ಫೈಕಸ್ ಗಿಡದ ಕುಂಡವನ್ನು ತಂದು ಫಿಸಿಯೋಥೆರಪಿಸ್ಟನ ಕೈಗಿತ್ತಳು. ಬೆರಳಿಗೆ ಬೆರಳು ತಾಗಿತು; ಇಬ್ಬರೂ ಗಿಡವನ್ನೇ ನೋಡಿದರು. ಅವಳು ಹಿಂದಿರುಗಿದೊಡನೆ ಮನದ ಮಾತನ್ನು ಹೇಳಿಬಿಡಬೇಕೆಂದು ಅವನು ಆಗಲೇ ನಿಶ್ಚಯಿಸಿದನು.

ಹೊಸ ಮನೆಯಲ್ಲಿ ಗಿಡವು ಒಂದೆರಡು ಎಲೆ ಉದುರಿಸಿತು. ಮಲಗಿದವರನ್ನು ಎಬ್ಬಿಸಿ ನಡೆಸುವುದು ಅವನ ವೃತ್ತಿ. ಅಲುಗದ ಅಂಗವು ಜಡವಾಗುವುದೆಂಬುದೇ ಅವನಿಗೆ ಪರಮಸೂತ್ರ. ಆದ್ದರಿಂದ ಕುಂಡವು ಬೆಳಗ್ಗೆ ಕಿಟಕಿಯ ಬಳಿಗೂ, ಮಧ್ಯಾಹ್ನ ನೆರಳಿಗೂ, ಸಂಜೆ ಬಾಲ್ಕನಿಯ ಗಾಳಿಗೂ ಸಂಚರಿಸತೊಡಗಿತು. ಎಲೆ ಉದುರಿದಷ್ಟೂ ಉಪಚಾರ ಹೆಚ್ಚಿತು. ಉಪಚಾರ ಹೆಚ್ಚಿದಷ್ಟೂ ಎಲೆ ಉದುರಿತು. ಗಿಡಕ್ಕೂ ವಾಕಿಂಗ್ ಮಾಡಿಸುವವನನ್ನು ಹಡೆದದ್ದು ತನ್ನ ಪೂರ್ವಜನ್ಮದ ಪುಣ್ಯವೆಂದು ತಾಯಿ ಹಾಸ್ಯ ಮಾಡಿದರು. ಅವನು ನಗಲಿಲ್ಲ. ಇಷ್ಟು ಚಿಕ್ಕ ಜೀವವನ್ನು ಕಾಯಲಾರದವನು ಯಾವ ಮುಖ ಹೊತ್ತು ಅವಳನ್ನು ಬಾಳಿಗೆ ಕರೆಯುವುದು?

ಅವಳು ಬಂದಾಗ ಕುಂಡದಲ್ಲಿ ಬರಿಯ ಕಡ್ಡಿಗಳಿದ್ದವು. ಅವನು ನಡೆದದ್ದೆಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಕೊಂಡನು. ಅವಳು ಬಾಗಿ, ಹಲ್ಲಿನ ಹುಳುಕು ಹುಡುಕುವ ಎಚ್ಚರದಿಂದ ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಎಳೆಯ ಹಸಿರು. ಅವಳ ಕಣ್ಣಂಚಿನಲ್ಲಿ ನೀರು, ತುಟಿಯಂಚಿನಲ್ಲಿ ನಗು.

“ಜೀವ ಇದೆ. ಜಾಗ ಬದಲಾಯಿಸಿದ್ರೆ ಇದಕ್ಕೆ ಆಗೋದಿಲ್ಲ. ನಾನು ಹೇಳಿ ಹೋಗ್ಬೇಕಿತ್ತು. ಇನ್ನು ಒಂದಿಂಚೂ ಸರಿಸ್ಬೇಡಿ.”

“ಹಾಗಾದ್ರೆ ನಿಮ್ಮನೆಗೆ ಒಯ್ಯೋದು?”

“ಒಯ್ದರೆ ಸತ್ತೇ ಹೋಗುತ್ತೆ. ನಾನೇ ದಿನಾ ಬಂದು ನೋಡ್ಕೊಂಡು ಹೋಗ್ಬೇಕು.”

ಅವನು ಬಾಯಿ ತೆರೆದನು, ಮಾತು ಹೊರಡಲಿಲ್ಲ.

“ಬಾಯಿ ತೆಗೆದು ಸುಮ್ಮನಿರೋರನ್ನ ದಿನವಿಡೀ ನೋಡ್ತೀನಿ,” ಎಂದಳು ಅವಳು, ಓರೆನೋಟದಲ್ಲಿ. “ನೀವಾದ್ರೂ ಮಾತಾಡಿ.”

“ನೋಡ್ಕೊಂಡು ಹೋಗೋಕೆ ಬರ್ಬೇಡಿ.”

ಅವಳ ಹುಬ್ಬು ಗಂಟಿಕ್ಕಿತು.

“ಇರೋಕೇ ಬನ್ನಿ,” ಎಂದನು ಅವನು.

ಅವಳ ಕಿವಿಯ ತುದಿ ಕೆಂಪಾಯಿತು. ಅಲ್ಲೇ ಬಟ್ಟೆ ಮಡಚುತ್ತಿದ್ದ, ಅದುವರೆಗೆ ‘ಆಂಟಿ’ ಎಂದೇ ಕರೆಯುತ್ತಿದ್ದ ಅವನ ತಾಯಿಯತ್ತ ಅವಳು ತಿರುಗಿದಳು.

“ಅತ್ತೆ, ಗಿಡಕ್ಕೆ ಒಂದು ಲೋಟ ನೀರು ಕೊಡ್ತೀರಾ?”

ತಾಯಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದನ್ನೇ ಮರೆತು ನಿಂತರು. ಬಳಿಕ ಮೆಲ್ಲನೆ ಹೇಳಿದರು: “ನೀನೇ ತಗೊಳ್ಳಮ್ಮ. ಅಡುಗೆಮನೆ ಒಳಗಿದೆ.”

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಬಾಡಿದ್ದೆಲ್ಲ ಚಿಗುರಲಿ. ಪ್ರೀತಿಸಿದ ಜೀವವನ್ನು ಕಾಡದೆ ಕಾಯುವ ತಾಳ್ಮೆಯನ್ನು ಭಗವಂತನು ಸರ್ವರಿಗೂ ಅನುಗ್ರಹಿಸಲಿ.