ಕೆಂಪಸಿದ್ದಯ್ಯನ ಹೆಸರಿನ ತಲೆ

"ಮಹದೇವು, ಇದು ಕೆಂಪಸಿದ್ದಯ್ಯನ ತಲೆಯಲ್ಲ."

ಮೋಹಿನಿ ಮೇಡಂ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದರು. ಮಂಡ್ಯದ ಆ ಸ್ಕ್ಯಾನ್ ಸೆಂಟರಿನಲ್ಲಿ ಎಂ.ಆರ್.ಐ. ಯಂತ್ರ ನಡೆಸುವವನು ನಾನು. ನಾನು ತೆಗೆದ ಚಿತ್ರಗಳನ್ನು ಓದಿ ವರದಿ ಬರೆಯುವ ಡಾಕ್ಟರು ಅವರು.

ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಎರಡಕ್ಕೂ ಒಂದೇ ಹೆಸರು — ಕೆಂಪಸಿದ್ದಯ್ಯ, ಬೆಳಕವಾಡಿ. ಮೊದಲನೆಯದು ಎರಡು ತಿಂಗಳ ಹಿಂದೆ, ಲಕ್ವ ಹೊಡೆದ ಮೂರನೇ ದಿನ ತೆಗೆದದ್ದು. ಮಿದುಳಿನ ಎಡಗಡೆ ದೊಡ್ಡದೊಂದು ಭಾಗ ಸತ್ತೇಹೋಗಿತ್ತು. ಎರಡನೆಯದು ಕಳೆದ ಸೋಮವಾರದ್ದು. ಅದರಲ್ಲಿ ಕಲೆಯೇ ಇಲ್ಲ!

"ಮಾತ್ರೆ ಕೆಲಸ ಮಾಡಿರಬೇಕು," ಎಂದರು ಡಾಕ್ಟರ್ ರಘುನಂದನ್. ಲಕ್ವಕ್ಕೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುವ ಸಂಶೋಧನೆ ಅವರದು; ಕೆಂಪಸಿದ್ದಯ್ಯನೂ ಅದರಲ್ಲಿ ಸೇರಿದ್ದ. ಅವರ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು.

"ಸತ್ತ ಮಿದುಳು ಮತ್ತೆ ಬೆಳೆಯೋದಿಲ್ಲ ಸರ್. ಅದಿರಲಿ, ಇಲ್ಲಿ ನೋಡಿ." ಮೇಡಂ ಒಂದು ಚುಕ್ಕೆಯನ್ನು ದೊಡ್ಡದು ಮಾಡಿದರು. "ರಕ್ತನಾಳದ ಗೋಡೆ ಉಬ್ಬಿಕೊಂಡಿದೆ, ಹಳೇ ಸೈಕಲ್ ಟ್ಯೂಬಿನ ಹಾಗೆ. ಒಡೆದರೆ ಆಸ್ಪತ್ರೆಗೆ ಸೇರಿಸೋಷ್ಟು ಹೊತ್ತೂ ಸಿಗದೇ ಹೋಗಬಹುದು. ಮೊದಲ ಚಿತ್ರದಲ್ಲಿ ಇದು ಇಲ್ಲ. ಈ ತಲೆ ಹೊತ್ತುಕೊಂಡು ಯಾರೋ ಓಡಾಡ್ತಿದ್ದಾರೆ — ಯಾರು?"

ರಘುನಂದನ್ ನನ್ನತ್ತ ತಿರುಗಿದರು. "ಏನ್ರೀ ಮಹದೇವು, ಹೆಸರು ಅದಲುಬದಲು ಮಾಡಿದ್ರಾ?"

"ಇಲ್ಲ ಸರ್!"

ಸೋಮವಾರ ಬಂದವರು ಮೂವರೇ. ಒಂದು ಮಗು, ತಲೆಯಲ್ಲಿ ಗಡ್ಡೆಯಿದ್ದ ಒಬ್ಬ ಹೆಂಗಸು, ಕೆಂಪಸಿದ್ದಯ್ಯ. ಮಗುವಿನದು ಮಗುವಿನದೇ, ಗಡ್ಡೆ ಗಡ್ಡೆಯ ಜಾಗದಲ್ಲೇ ಇತ್ತು. ನಾನು ಉಸಿರು ಬಿಟ್ಟೆ. ಮೇಡಂ ಈಗ ರಘುನಂದನರನ್ನೇ ನೋಡುತ್ತಿದ್ದರು. ಹಳೆಯ ಯಾವುದೋ ಚಿತ್ರಕ್ಕೆ ಹೊಸ ಹೆಸರು ಅಂಟಿಸಿದರೆ ಲಾಭವಾಗುವುದು ಅವರಿಗಲ್ಲವೇ? ಆದರೆ ಯಂತ್ರದ ದಾಖಲೆಯಲ್ಲಿ ದಿನ, ಗಂಟೆ ಎಲ್ಲ ಸರಿಯಾಗಿತ್ತು. ಸೋಮವಾರ ಹನ್ನೊಂದೂಕಾಲಿಗೆ ಒಬ್ಬ ಮನುಷ್ಯ ನಿಜವಾಗಿಯೂ ಅದರೊಳಗೆ ಮಲಗಿದ್ದ.

"ಮುಖ ನೋಡಿದ್ರಾ?" ಮೇಡಂ ಕೇಳಿದರು.

"ಆಧಾರ್ ಕಾರ್ಡ್ ನೋಡಿದೆ. ಗಡ್ಡ ಬಿಟ್ಟಿದ್ದ. ಕಾಲೆಳೀತಿದ್ದ, ಮಾತಿರಲಿಲ್ಲ. ಹೆಂಡತಿ ಕೈ ಹಿಡಿದು ಕರ್ಕೊಂಡು ಬಂದಿದ್ರು. ಮೈಮೇಲೆ ಲೋಹ ಏನಾದರೂ ಇದೆಯಾ ಅಂದೆ, ಇಲ್ಲ ಅಂತ ತಲೆಯಾಡಿಸಿದ."

ಮುಖ ನೋಡುವುದು ಹೊರಗೆ ಕೂತವರ ಕೆಲಸ, ನಾನು ನೋಡುವುದು ತಲೆಯ ಒಳಗನ್ನು — ಹೀಗೆ ಒಂದು ಮಾತೂ ಸೇರಿಸಿದೆ. ಮೇಡಂ ನಗಲಿಲ್ಲ. ಕಾರಿನ ಕೀಲಿ ತೆಗೆದುಕೊಂಡರು.

ಮಳವಳ್ಳಿ ದಾಟಿ ನಾವಿಬ್ಬರೂ ಬೆಳಕವಾಡಿ ಮುಟ್ಟಿದೆವು.

ಗಡ್ಡ ಬೆಳೆದಿದ್ದ ಕೆಂಪಸಿದ್ದಯ್ಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಹೆಂಡತಿ ಮರಿತಾಯಮ್ಮ ಅವನ ಬಾಯಿ ಒರೆಸುತ್ತಿದ್ದಳು. ತಮ್ಮ ದೇವರಾಜು ಒಳಗಿನಿಂದ ನೀರು ತಂದುಕೊಟ್ಟ. ನುಣ್ಣಗೆ ಮುಖ ಕೆರೆಸಿದ್ದ, ಮೂಗು ಹಣೆ ಅಣ್ಣನವೇ.

"ಸೋಮವಾರ ಇವರನ್ನ ಮಂಡ್ಯಕ್ಕೆ ಕರ್ಕೊಂಡು ಬಂದಿದ್ರಿ ಅಲ್ವೇನಮ್ಮ?"

"ಊಂ ಕಣ್ ಡಾಕ್ಟ್ರಮ್ಮ. ನಾನೇ ಕರ್ಕೊಂಡೋಗಿದ್ದೆ."

"ಇನ್ಯಾರು ಬಂದಿದ್ರು?"

"ಯಾರೂ ಇಲ್ಲ. ದ್ಯಾವ್ರಾಜ ಗದ್ದೇಲಿದ್ದ."

"ಯಂತ್ರದ ಸದ್ದಿಗೆ ಹೆದರಿದ್ರಾ ಇವರು?"

"ನಂಗೇನ್ ಗೊತ್ತು? ನನ್ನ ಆಚ್ಗೇ ಕೂರ್ಸಿದ್ರು."

ದೇವರಾಜು ಬಾಯಿ ಹಾಕಿದ. "ಎದರ್ಕೊಂಡಿದ್ರು ಮೇಡಮ್ಮೋರೆ. ಕೈಗೊಂದು ರಬ್ಬರ್ ಉಂಡೆ ಕೊಟ್ಟಿದ್ರಲ್ಲ, ಅದ್ನ ಅಮುಕ್ಬುಟ್ರು. ಆಗ ಈ ಸಾರೇ ಒಳಿಕ್ಕೆ ಬಂದು ಸಮಾಧಾನ ಮಾಡಿದ್ದು."

ನಿಜ, ಹಾಗೇ ಆಗಿತ್ತು; ಭಯವಾದರೆ ಅಮುಕಿ ನಮ್ಮನ್ನು ಕರೆಯಲೆಂದೇ ಆ ಉಂಡೆ ಕೊಡುವುದು. ನನ್ನ ಒಳ್ಳೆಯತನವನ್ನು ಒಬ್ಬನಾದರೂ ನೆನೆಸಿಕೊಂಡನಲ್ಲ ಎಂದು ಹಿಗ್ಗಿದೆ. ಪೆದ್ದ ನಾನು!

ಮೇಡಂ ಕೆಂಪಸಿದ್ದಯ್ಯನ ಬಲತೋಳನ್ನು ಮೆಲ್ಲಗೆ ಎತ್ತಿದರು. ಕಪ್ಪು ದಾರದಲ್ಲಿ ತಾಮ್ರದ ತಾಯತ. ಎಣ್ಣೆ, ಅರಿಶಿನ, ಬೆವರು ಸೇರಿ ಗಂಟು ಕಲ್ಲಾಗಿತ್ತು.

"ಯಾವಾಗ ಕಟ್ಟಿಸಿದ್ದು?"

"ಲಕ್ವ ಒಡೆದ ಒಂಬತ್ನೇ ದಿನಕ್ಕೆ. ಮೂರು ಅಮಾಸೆ ಬಿಚ್ಚಂಗಿಲ್ಲ. ನೀರು ಉಯ್ವಾಗ್ಲೂ ಬಿಚ್ಚಿಲ್ಲ ಕಣವ್ವ." ಮರಿತಾಯಮ್ಮನ ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದರೆ ಇವರು ಯಂತ್ರದ ಒಳಗೆ ಹೋಗೇ ಇಲ್ಲ."

ಮರಿತಾಯಮ್ಮ ಕೈಯಿಂದ ತಾಯತ ಮುಚ್ಚಿದಳು.

"ಅದು ಅಯಸ್ಕಾಂತದ ಯಂತ್ರ, ತೋಳಲ್ಲಿ ಲೋಹದ ತಾಯತ ಇಟ್ಕೊಂಡು ಮಹದೇವು ಯಾರನ್ನೂ ಒಳಗೆ ಬಿಡಲ್ಲ. ಬಟ್ಟೆ ಬದಲಾಯಿಸುವಾಗಲೇ ಸಿಕ್ಕಿಬೀಳುತ್ತೆ. ಈ ಗಂಟು ಬಿಚ್ಚಿಲ್ಲ — ಮಲಗಿದ್ದವರು ಬೇರೆ. ದೇವರಾಜು, ರಬ್ಬರ್ ಉಂಡೆ ವಿಷಯ ನಿಮಗೆ ಯಾರು ಹೇಳಿದ್ರು? ಅತ್ತಿಗೆ ಒಳಗೆ ಬಂದಿಲ್ಲ. ಅಣ್ಣನಿಗೆ ಎರಡು ತಿಂಗಳಿಂದ ಮಾತೇ ಇಲ್ಲ. ಅದನ್ನ ಅಮುಕಿದವರು ನೀವು!"

ದೇವರಾಜು ಹಿಂದೆ ಸರಿದ. "ನಾನಲ್ಲ. ಅದು ನಮ್ಮಣ್ಣಂದೇ ತಲೆ."

"ಸುಳ್ಳು ಹೇಳಬೇಡಪ್ಪ. ನಿನ್ನ ಜೀವಕ್ಕೇ ಕಂಟಕ."

"ಜೈಲಿಗೆ ಆಕ್ತೀರಾ? ಆಕಿ! ಅತ್ಗೆಗೆ ಮಾತ್ರ ಏನೂ ಅನ್ಬೇಡಿ."

"ಜೈಲಿಗಲ್ಲ, ಆಸ್ಪತ್ರೆಗೆ. ನಿನ್ನ ತಲೆಯೊಳಗೆ ರಕ್ತನಾಳ ಉಬ್ಬಿದೆ. ಯಾವತ್ತು ಒಡೆಯುತ್ತೋ ಗೊತ್ತಿಲ್ಲ. ಇವತ್ತೇ ಹೊರಡಬೇಕು."

ಅವನು ನಕ್ಕ. "ನಂಗಾ? ಬೆಳಿಗ್ಗೆ ಒಂದು ಗಾಡಿ ಕಬ್ಬು ತುಂಬಿ ಬಂದಿವ್ನಿ!" ಮೇಡಂ ಮುಖ ನೋಡಿದವನೇ ಕುಸಿದು ಕೂತ.

ಮರಿತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. "ಅಣ್ಣನ ಬದ್ಲು ಮಲಗಿದ್ದಕ್ಕೆ ಅವನ ಕಾಯ್ಲೆ ಇವನಿಗೆ ಬಂತೇನವ್ವಾ?"

"ಇಲ್ಲಮ್ಮ. ಮುಂಚಿನಿಂದಲೂ ಇತ್ತು. ಮಲಗಿದ್ದಕ್ಕೆ ಗೊತ್ತಾಯ್ತು. ಆದರೆ ಯಾಕಮ್ಮ ಹೀಗೆ ಮಾಡಿದ್ರಿ? ನಮ್ಮನ್ನ ಕೇಳಬಾರದಿತ್ತಾ?"

"ಕೇಳ್ದೆ ಕಣವ್ವ! ಪೋನ್ ಮಾಡ್ದೆ. ತಾಯತ ಬಿಚ್ಚಂಗಿಲ್ಲ, ಏನ್ ಮಾಡದು ಅಂದೆ. ಬಿಚ್ಕೊಂಡು ಬಾ, ಇಲ್ದಿದ್ರೆ ಹೆಸರು ಒಡೆದಾಕ್ತೀವಿ, ಮಾತ್ರೆ ನಿಂತೋಯ್ತದೆ ಅಂತ ಬೈದು ಇಟ್ಬುಟ್ರು."

"ಅಂಥ ನಿಯಮವೇ ಇಲ್ಲ," ಎಂದರು ಮೇಡಂ. "ಸ್ಕ್ಯಾನ್ ತಪ್ಪಿದರೆ ತಪ್ಪಿತು ಅಂತ ಬರ್ಕೋತೀವಿ. ಮಾತ್ರೆ ನಿಲ್ಲಿಸಲ್ಲ. ಯಾರು ಹೇಳಿದ್ದು?" ಅವರು ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ನನಗೆ ನೆನಪಾಯಿತು. ಊಟದ ಹೊತ್ತು. ತಾಯತ, ಅಮಾಸೆ ಅಂತ ಒಬ್ಬಳು ಕೊರೆಯುತ್ತಿದ್ದಳು. ಬಾಯಿಗೆ ಬಂದದ್ದು ಅಂದು ಫೋನು ಕುಕ್ಕಿದ್ದೆ. ನಾಚಿಕೆಯಿಂದ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

"ನಾನೇ ಕಣಮ್ಮ," ಎಂದೆ. "ಆ ಮಾತು ಹೇಳಿದ್ದು ನಾನು."

ಬೈಗುಳಕ್ಕೆ ಕಾದೆ. ಕೆಂಪಸಿದ್ದಯ್ಯ ಎಡಗೈಯಿಂದ ತಮ್ಮನ ರಟ್ಟೆ ಹಿಡಿದುಕೊಂಡಿದ್ದ. ಮರಿತಾಯಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮೈದುನನನ್ನು ಎಬ್ಬಿಸಿ ನನ್ನ ಮುಂದೆ ತಂದು ನಿಲ್ಲಿಸಿದಳು.

"ಅಂಗಾರೆ ನೀವೇ ಕರ್ಕೊಂಡೋಗಿ. ನೀವೇ ವಾಪಸ್ ಕರ್ಕೊಂಡು ಬಂದು ಬುಡಿ."

ನಾನು ಕಾರಿನ ಬಾಗಿಲು ತೆರೆದೆ. ಕರೆದೊಯ್ಯುವುದು ನನ್ನ ಕೈಲಿತ್ತು, ವಾಪಸ್ ಕರೆತರುವುದು ಇರಲಿಲ್ಲ.