ಮೌನಿಯ ಫೆರಿಯಲ್ಲಿ ಹೊಗೆ

"ಏನ್ರೀ ಇದು, ಫೆರಿನಾ ಇಲ್ಲಾ ಬಟ್ಟೆ ಒಣಗಿಸೋ ಮಹಡಿನಾ?"

ಅವಳ ಕೂಗಿಗೆ ಡೆಕ್ಕಿನ ಮೇಲಿದ್ದ ಪ್ರಯಾಣಿಕರೆಲ್ಲ ಕತ್ತು ತಿರುಗಿಸಿದರು. ಕಂಬಿಯುದ್ದಕ್ಕೂ ಎಣ್ಣೆ ಹತ್ತಿದ ಚಿಂದಿಗಳು ಸಾಲಾಗಿ ತೂಗಾಡುತ್ತಿದ್ದವು. ಕೊನೆಯ ಚಿಂದಿಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದ ಎತ್ತರದ ಆಳು ನಿಧಾನವಾಗಿ ತಿರುಗಿದ. ಕೆನ್ನೆಯ ಮೇಲೆ ಗ್ರೀಸು, ಕಣ್ಣಲ್ಲಿ ನಗು!

"ಒಣಗ್ಲಿ ಅಂತ..." ಎಂದ, ಅಷ್ಟೆ.

"ನನ್ನ ಯೋಜನೆ ನೋಡಿ ಊರೆಲ್ಲ ನಗ್ಲಿ ಅಂತ ಹಾಕಿದ್ದೀರಿ!"

ಆತ ಆ ಫೆರಿಯ ಇಂಜಿನಿಯರ್. ಕೇಳಿದ್ದಕ್ಕೆ ಅರ್ಧ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಮೌನಿ'.

ಅವಳು ಕಂಪನಿಗೆ ಹೊಸದಾಗಿ ಬಂದ ಖರೀದಿ ಅಧಿಕಾರಿ. ಬಂದವಳೇ ಪ್ಲಾಸ್ಟಿಕ್ ಲೋಟಗಳನ್ನು ಓಡಿಸಿದಳು. ಒರೆಸಿ ಬಿಸಾಡುವ ಪೇಪರ್ ಟವೆಲ್ ನಿಲ್ಲಿಸಿ, ಹಳೆಯ ಯೂನಿಫಾರಂಗಳನ್ನು ಹರಿದು ಚಿಂದಿ ಮಾಡಿಸಿದಳು. ಮರದ ಬೆಂಚುಗಳಿಗೆ ಹಚ್ಚುತ್ತಿದ್ದ ಘಾಟಿನ ಪಾಲಿಶ್ ಬಿಟ್ಟು, ನೀರಿಗೆ ಕೇಡು ಮಾಡದ ಅಗಸೆ ಎಣ್ಣೆ ತರಿಸಿ, ಅದನ್ನೂ ಆ ಚಿಂದಿಗಳಿಂದಲೇ ಹಚ್ಚಿಸಿದಳು. ಸಿಬ್ಬಂದಿ ಬೆನ್ನ ಹಿಂದೆ ಅವಳನ್ನು 'ಕಸದ ರಾಣಿ' ಎನ್ನುತ್ತಿದ್ದರು. ಈ ಚಿಂದಿಯ ಸಾಲನ್ನೂ ಅಂಥದೇ ಗೇಲಿ ಎಂದುಕೊಂಡಳು ಹುಡುಗಿ.

"ಇನ್ಮೇಲೆ ಚಿಂದಿಯೆಲ್ಲ ಡ್ರಮ್ಮಿಗೆ! ಒತ್ತಿ ತುಂಬಿ, ಮುಚ್ಚಳ ಹಾಕಿ. ಒಗೆಯೋಕೆ ಕಳಿಸೋವರೆಗೆ ಹೊರಗೆ ಒಂದೂ ಕಾಣಬಾರದು!"

ಮೌನಿ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

ಆಮೇಲೆ ಜಗಳವೇ ಇಬ್ಬರಿಗೂ ಚಾಳಿಯಾಯಿತು. ಚಿಂದಿ ಸರಿಯಾಗಿ ತುಂಬಿದ್ದಾರಾ ಎಂದು ನೋಡುವ ನೆಪದಲ್ಲಿ ಅವಳು ಬೆಳಿಗ್ಗೆಯೇ ಫೆರಿ ಹತ್ತುತ್ತಿದ್ದಳು. ಅವನು ಮಾತಿಲ್ಲದೆ ಮುಚ್ಚಳ ತೆಗೆದು ತೋರಿಸುತ್ತಿದ್ದ. ಒಂದು ದಿನ ಅವನು ರಜೆ ಹಾಕಿದ್ದಾಗ ಅವಳಿಗೆ ಬೈಯಲು ಯಾರೂ ಸಿಗದೆ ಮಧ್ಯಾಹ್ನದ ಊಟವೇ ರುಚಿಸಲಿಲ್ಲ.

"ಬೈಯೋಕಾದ್ರೂ ಅವನೇ ಬೇಕು ನಿಂಗೆ," ಎಂದು ಸಂಜೆ ಮನೆಯಲ್ಲಿ ಅತ್ತಿಗೆ ರೇಗಿಸಿದಳು. "ಇದು ಯಾವ ಕಾಯಿಲೆ ಅಂತ ನಂಗೊತ್ತಮ್ಮ!"

"ಸುಮ್ನಿರಿ ಅತ್ತಿಗೆ!" ಎಂದಳೇನೋ ನಿಜ. ಕಿವಿ ಮಾತ್ರ ಕೆಂಪಾಗಿತ್ತು.

ಇನ್ನೊಂದು ದಿನ ಮಧ್ಯಾಹ್ನ, ಕಂಪನಿಯ ಇನ್ನೊಂದು ಫೆರಿಯಿಂದ ಬಂದ ಚಿಂದಿ ಡ್ರಮ್ಮು ದಡದ ಗೋದಾಮಿನಲ್ಲಿತ್ತು. ಎಣಿಸೋಣವೆಂದು ಅವಳು ಕೈ ಹಾಕಿದಳು.

ಬಿಸಿ!

ಮೇಲಿನವನ್ನು ಎಳೆದು ಹಾಕಿದಳು. ಒಳಗಿನ ಚಿಂದಿ ಮುಟ್ಟಿದರೆ ಕೈ ಸುಡುವಂತಿತ್ತು. ತಳದಲ್ಲಿದ್ದದ್ದು ಕಪ್ಪಗೆ ಸೀದು ಹೋಗಿತ್ತು. ಹತ್ತಿರದಲ್ಲಿ ಬೆಂಕಿಯಿಲ್ಲ, ಕಡ್ಡಿಯಿಲ್ಲ. ಹಾಗಾದರೆ...?

ಓಡಿ ಹೋಗಿ ಅಗಸೆ ಎಣ್ಣೆಯ ಡಬ್ಬ ತಿರುಗಿಸಿ ನೋಡಿದಳು. ನೀರಿಗೆ ಹಾನಿಯಿಲ್ಲ ಎಂಬುದನ್ನು ಓದಿ ಅವತ್ತು ಖುಷಿಪಟ್ಟಿದ್ದಳು. ಅದರ ಕೆಳಗಿನ ಸಾಲನ್ನು ಓದಿರಲಿಲ್ಲ: ಈ ಎಣ್ಣೆಯ ಬಟ್ಟೆಯನ್ನು ಗುಡ್ಡೆ ಹಾಕಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ!

ಗೋದಾಮಿನವನಿಗೆ ಡ್ರಮ್ಮಿಗೆ ನೀರು ಸುರಿಯಲು ಹೇಳಿ, ಅವಳು ಟಿಕೆಟ್ ಕೌಂಟರಿಗೆ ಓಡಿದಳು. ಮೌನಿಯ ಫೆರಿ ಆಗಲೇ ನಡುನೀರಿನಲ್ಲಿತ್ತು. ತುಂಬ ಜನ. ಡ್ರಮ್ಮು ಇದ್ದದ್ದು ಮೆಟ್ಟಿಲ ಕೆಳಗೆ, ಲೈಫ್ ಜಾಕೆಟ್ಟುಗಳ ಪಕ್ಕದಲ್ಲೇ! ಅಲ್ಲಿ ಇರಿಸಿದ್ದೂ ಅವಳೇ.

ಕೌಂಟರಿನಲ್ಲಿದ್ದ ವೈರ್‌ಲೆಸ್ ಎತ್ತಿದಳು. "ದೊಡ್ಡಪ್ಪಾ!"

ಫೆರಿಯ ಕ್ಯಾಪ್ಟನ್ನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ.

"ಚಿಂದಿ ಡ್ರಮ್ಮು... ಅದಕ್ಕೆ ಬೆಂಕಿ ಹತ್ತುತ್ತೆ ದೊಡ್ಡಪ್ಪಾ!"

"ಹೊಗೆ ವಾಸನೆ ಅಂತ ಈಗ ತಾನೇ ಯಾರೋ ಅಂದ್ರು ಮಗಳೇ. ಮೌನಿ ಕೆಳಗೆ ಹೋಗಿದ್ದಾನೆ."

"ಮುಚ್ಚಳ ತೆಗೀಬೇಡ ಅನ್ನಿ! ಗಾಳಿ ಸಿಕ್ರೆ ಭಗ್ಗಂತ ಹತ್ಕೊಳ್ಳುತ್ತೆ!"

ಗರಗರ ಸದ್ದು. ಆಮೇಲೆ ಅದೂ ಇಲ್ಲ.

"ದೊಡ್ಡಪ್ಪಾ...? ಯಾರಾದ್ರೂ ಮಾತಾಡಿ!"

ದೂರದಲ್ಲಿ ಫೆರಿಯ ಹಿಂಬದಿಯಿಂದ ಬೂದು ಹೊಗೆ ಏಳುವುದು ಕಂಡಿತು. ದಡದ ಅಂಚಿಗೆ ಓಡಿದಳು.

'ನಾನು ಹಾಕಿಸಿದ ಮುಚ್ಚಳ... ಅವನು ಒಣಗಲಿ ಅಂದಿದ್ದ... ದೇವರೇ, ನನ್ನ ಕೆಲಸ ಹೋಗಲಿ, ಮಾನ ಹೋಗಲಿ... ಅವನೊಬ್ಬ ಬರಲಿ!'

ಹೊಗೆ ದಟ್ಟವಾಯಿತು. ನೋಡಲಾರದೆ ಕಣ್ಣು ಮುಚ್ಚಿದಳು, ಮುಚ್ಚಿರಲಾರದೆ ತೆರೆದಳು. ಹೊಗೆ ತೆಳುವಾಗುತ್ತಿತ್ತು. ಫೆರಿ ನಿಧಾನವಾಗಿ ಮೂತಿ ತಿರುಗಿಸಿತು.

ದಡಕ್ಕೆ ಬಂದಾಗ ಪ್ರಯಾಣಿಕರು ಕೆಮ್ಮುತ್ತಾ, ಮಕ್ಕಳನ್ನು ಅವಚಿಕೊಂಡು ಇಳಿದರು. ಒಬ್ಬೊಬ್ಬರ ಮುಖವನ್ನೂ ಹುಡುಕಿದಳು. ಅವನಿಲ್ಲ. ದೊಡ್ಡಪ್ಪನೂ ಇಳಿದರು. ಅವನಿಲ್ಲ!

"ಅವರೆಲ್ಲಿ?" ಎಂದು ದೊಡ್ಡಪ್ಪನ ತೋಳು ಹಿಡಿದಳು. ಅವರು ಫೆರಿಯ ಹಿಂಬದಿಗೆ ಕೈ ತೋರಿಸಿದರು.

ಕೊನೆಗೆ ಬಂದ. ಮುಖವೆಲ್ಲ ಮಸಿ, ಅಂಗೈಗಳಿಗೆ ಒದ್ದೆ ಬಟ್ಟೆ. ಕಾದು ಸೊಟ್ಟಗಾದ ಡ್ರಮ್ಮನ್ನು ಕಾಲಿನಿಂದ ತಳ್ಳಿಕೊಂಡು ಬರುತ್ತಿದ್ದ. ಹೊಗೆಯಾಡುತ್ತಿದ್ದ ಅದನ್ನು ಮುಚ್ಚಳ ಸಮೇತ ಹಿಂದಿನ ತೆರೆದ ಡೆಕ್ಕಿಗೆ ಎಳೆದು, ಮುಚ್ಚಳದ ಸಂದಿಯಿಂದ ಪೈಪು ತೂರಿಸಿ ನೀರು ಬಿಟ್ಟಿದ್ದನಂತೆ.

"ಕೈ ಸುಟ್ಕೊಂಡಿದ್ದೀರಿ! ನೀರಿಗೆ ಎಸೆಯೋಕೆ ಏನಾಗಿತ್ತು?"

"ಎಸೆದಿದ್ರೆ ನೀವು ನನ್ನನ್ನೇ ಎಸೀತಿದ್ರಿ."

ಅಳುವಿನ ನಡುವೆ ನಗು ಉಕ್ಕಿತು ಅವಳಿಗೆ. ಮರುಕ್ಷಣ ಅದೂ ಅಳುವೇ ಆಯಿತು.

"ತಪ್ಪು ನಂದು. ಮಾಲೀಕರಿಗೆ ಈಗ್ಲೇ ಹೇಳ್ತೀನಿ. ಅವತ್ತು ನೀವ್ಯಾಕೆ ಹೇಳಲಿಲ್ಲ?"

"ಬೆಂಕಿ ವಿಷಯ ನಂಗೂ ಗೊತ್ತಿರಲಿಲ್ಲ. ಚಿಂದಿ ವಾಸನೆ ಬರುತ್ತೆ, ಪೇಪರ್ ಟವೆಲ್ಲೇ ಕೊಡಿ ಅಂತ ಎಲ್ರೂ ಹಠ ಮಾಡ್ತಿದ್ರು. ನಿಮ್ಮ ಯೋಜನೆ ಮುರಿದುಬೀಳಬಾರದು ಅಂತ ಒಣಗಿಸ್ತಿದ್ದೆ."

ಅವಳು ಗೇಲಿ ಎಂದುಕೊಂಡದ್ದು ಇದನ್ನೇ!

"ಹೊಗೆ ಕಂಡಾಗ... ಅಷ್ಟು ಜನ ಇದ್ರು... ನಾಚಿಕೆ ಆಗುತ್ತೆ ಹೇಳೋಕೆ, ನಂಗೆ ನೀವೊಬ್ರೇ..."

ಅವನು ಡ್ರಮ್ಮು ಬಿಟ್ಟು ಅವಳ ಹತ್ತಿರ ಬಂದ.

"ಡ್ರಮ್ಮು ಎಳೀತಾ ನಂಗೂ ಒಂದೇ ಯೋಚನೆ. ಇವತ್ತು ಬದುಕಿ ಬಂದ್ರೆ ಹೇಳ್ಬಿಡ್ಬೇಕು ಅಂತ."

"ಏನು?"

ಅವನು ಕೈಗೆ ಸುತ್ತಿದ ಬಟ್ಟೆ ಸರಿಮಾಡಿಕೊಂಡ.

"ಹೇಳಿ ಅಂದ್ರೆ!"

"ಭಯ ಆಗುತ್ತೆ."

"ಬೆಂಕಿಗೆ ಕೈ ಹಾಕಿದವರಿಗೆ ಭಯನಾ?"

"ಬೆಂಕಿ ಬೇಡ ಅನ್ನಲ್ವಲ್ಲ. ನೀವು ಅಂದುಬಿಟ್ರೆ?"

ಅವಳು ಅವನ ಸುಟ್ಟ ಕೈಗೆ ನೋವಾಗದಂತೆ ಮಣಿಕಟ್ಟು ಹಿಡಿದುಕೊಂಡಳು.

"ಅನ್ನಲ್ಲ," ಎಂದಳು. "ಹೇಳಿ ನೋಡಿ."