ತಿರುವಿನಲ್ಲಿ ಕೇಳದೇ ಹೋದ ಕೂಗು

ಅದೇ ದನಿಯಾ? ಇಲ್ಲ, ಇರಲಾರದು. ಅವನು ಈ ಊರಿಗೆ ಏಕೆ ಬರುತ್ತಾನೆ? ಹತ್ತು ವರ್ಷವಾದ ಮೇಲೂ ಒಂದು ದನಿ ಹೀಗೆ ನೆನಪಿರಲು ಸಾಧ್ಯವಾ? ಆದರೂ...

"ಉಸಿರು ಬಿಗಿಹಿಡೀರಿ ಅಜ್ಜಿ... ಅಲ್ಲಾಡ್ಬೇಡಿ... ಹಾಂ, ಈಗ ಬಿಡಿ!"

ಎಕ್ಸ್‌ರೇ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಆರಿತು. ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಅವಳು ಮಾತ್ರ ಬಿಗಿಹಿಡಿದ ಉಸಿರನ್ನು ಬಿಡಲೇ ಇಲ್ಲ.

ಅವಳು ಈಗ ಹೈಸ್ಕೂಲೊಂದರಲ್ಲಿ ಆಟದ ಟೀಚರ್. ಪಕ್ಕದಲ್ಲಿ ಕುಳಿತವಳು ಅವಳ ಶಿಷ್ಯೆ. ಎಂಟುನೂರು ಮೀಟರ್ ಓಟದಲ್ಲಿ ಸುತ್ತಲಿನ ಶಾಲೆಗಳಲ್ಲೆಲ್ಲ ಇವಳನ್ನು ಹಿಡಿಯುವವರಿಲ್ಲ. ಮುಂದಿನ ವಾರ ಆಯ್ಕೆಯ ಓಟ. ಇವತ್ತು ಬೆಳಿಗ್ಗೆ ಅಭ್ಯಾಸದಲ್ಲಿ ಮೊಣಕಾಲ ಕೆಳಗೆ ಕೈಯೊತ್ತಿಕೊಂಡು ಕೂತುಬಿಟ್ಟಿದ್ದಳು.

"ಮಿಸ್, ಕಾಲು ನೋವು ನನಗೆ. ನೀವ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀರಿ?"

"ಸುಮ್ನಿರೇ ಬಾಯಿಬಡುಕಿ."

ಬಾಗಿಲು ತೆರೆಯಿತು. ಅಜ್ಜಿಯ ಕೈ ಹಿಡಿದು ನಿಧಾನವಾಗಿ ಹೊರಗೆ ಕರೆತಂದವನು ತಲೆಯೆತ್ತಿದ. ನಿಂತಲ್ಲೇ ನಿಂತ.

ಅವನೇ!

"ನೀವು..." ಎಂದ. ತಕ್ಷಣ ಬೇರೇನೂ ಹೊಳೆಯದೆ, "ಯಾರಿಗೆ ನೋವು?" ಎಂದು ಕೇಳಿದ.

ನೀವಂತೆ! ಆ ಒಂದು ಮಾತು ಅವಳನ್ನು ಚುಚ್ಚಿತು. ಅವಳನ್ನು 'ಕುಳ್ಳಿ' ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕರೆಯುತ್ತಿದ್ದವನು ಇವನೇನಾ?

ಶಿಷ್ಯೆಯನ್ನು ಒಳಗೆ ಕರೆದುಕೊಂಡು ಹೋದ. ಕೆಂಪು ದೀಪ ಮತ್ತೆ ಹತ್ತಿತು. ಹೊರಗೆ ಕುಳಿತವಳ ಕಣ್ಣ ಮುಂದೆ ಹಳೆಯ ಮೈದಾನ ಬಂದು ನಿಂತಿತು...

ಆಗ ಅವಳು ಹತ್ತನೇ ತರಗತಿ. ಓಡಿದಲ್ಲೆಲ್ಲ ಪದಕ. ಆದರೆ ಒಂದು ದೋಷವಿತ್ತು. ಕೊನೆಯ ಜೋರಿನ ಓಟವನ್ನು ಯಾವಾಗ ಶುರುಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬೇಗ ಶುರುಮಾಡಿ ಗುರಿಯ ಹತ್ತಿರ ಬಸವಳಿಯುತ್ತಿದ್ದಳು.

"ನಿನ್ನ ಕಾಲಿಗಿರೋ ಬುದ್ಧಿ ತಲೆಗಿಲ್ಲ ಕಣಮ್ಮ," ಎಂದು ಗೊಣಗಿದ್ದರು ಆಟದ ಮೇಷ್ಟ್ರು. ಹುಡುಗರ ತಂಡದಲ್ಲಿದ್ದ ಅವನನ್ನು ಕರೆದು, "ಕೊನೇ ತಿರುವಿಗೆ ಮುಂಚೆ ನೀನು ನಿಂತ್ಕೋ. ಇವಳ ಓಟ ನೋಡಿ ನೀನೇ ಕೂಗು. ನೀನು ಕೂಗೋವರೆಗೂ ಇವಳು ಜೋರು ಮಾಡಬಾರದು," ಎಂದಿದ್ದರು.

ಅಂದಿನಿಂದ ಅವಳು ಯೋಚಿಸುವುದನ್ನೇ ಬಿಟ್ಟಳು. "ಹೊರಡು ಕುಳ್ಳಿ!" ಎಂದು ಅವನ ದನಿ ಬಂತೆಂದರೆ ಸಾಕು, ಮೈಯೆಲ್ಲ ಕಾಲಾಗುತ್ತಿತ್ತು. ಒಮ್ಮೆಯೂ ಆ ದನಿ ತಪ್ಪಿರಲಿಲ್ಲ.

ಕೊನೆಯ ದೊಡ್ಡ ಓಟ. ಗೆದ್ದವರಿಗೆ ದೂರದ ಊರಿನ ಕ್ರೀಡಾ ಹಾಸ್ಟೆಲ್‌ನಲ್ಲಿ ಸೀಟು. ಹಿಂದಿನ ಸಂಜೆ ಬೂಟಿನ ದಾರ ಬಿಗಿಯುತ್ತಿದ್ದಾಗ ಅವನು ಕೇಳಿದ್ದ, "ಗೆದ್ರೆ ಅಲ್ಲೇ ಇದ್ಬಿಡ್ತೀಯಾ?"

"ಮತ್ತಿನ್ನೇನು? ಇಲ್ಲೇನಿದೆ ನಂಗೆ?" ಎಂದು ನಕ್ಕಿದ್ದಳು.

ಆ ನಗುವಿನ ಹಿಂದೆ ಒಂದು ಗುಟ್ಟಿತ್ತು. ಕೆಲವು ವಾರಗಳಿಂದ ಅವಳ ಎಡಗಾಲ ಮೂಳೆಯಲ್ಲಿ ಸಣ್ಣ ನೋವು. ಹೇಳಿದರೆ ಓಡಲು ಬಿಡುವುದಿಲ್ಲವೆಂದು ಅಮ್ಮನಿಗೂ ಹೇಳದೆ ಮುಚ್ಚಿಟ್ಟಿದ್ದಳು.

ಓಟ ಶುರುವಾಯಿತು. ಕೊನೆಯ ಸುತ್ತಿನ ಗಂಟೆ ಮೊಳಗಿತು. ಅವಳೇ ಮುಂದಿದ್ದಳು. ಕಂಬಿ ಹಿಡಿದು ನಿಂತ ಅವನು ಕಂಡ. ಕಣ್ಣಿಗೆ ಕಣ್ಣು ಸೇರಿತು.

ಕೂಗು... ಕೂಗೋ!

ಅವನ ಬಾಯಿ ತೆರೆಯಲಿಲ್ಲ. ತಿರುವು ಕಳೆಯಿತು. ಇನ್ನೇನು ಕೂಗುತ್ತಾನೆ, ಇನ್ನೇನು ಎಂದು ಕಾದವಳನ್ನು ಒಬ್ಬೊಬ್ಬರಾಗಿ ಮೂವರು ದಾಟಿ ಹೋದರು.

"ಯಾಕೋ ಕೂಗಲಿಲ್ಲ? ಯಾಕೆ?" ಎಂದು ಅವನ ಅಂಗಿ ಹಿಡಿದು ಜಗ್ಗಿದ್ದಳು. ಅವನು ನೆಲ ನೋಡುತ್ತಾ ನಿಂತಿದ್ದ.

"ಇನ್ನು ನಿನ್ನ ಮುಖ ತೋರಿಸ್ಬೇಡ ನಂಗೆ!"

ಅವನು ಆ ಮಾತು ಪಾಲಿಸಿದ್ದ. ಅದಾದ ಕೆಲವೇ ದಿನಗಳಲ್ಲಿ ಮೆಟ್ಟಿಲಿಳಿಯುವಾಗ ಅವಳು ನೋವಿನಿಂದ ಕುಸಿದಳು. ಮೂಳೆಯಲ್ಲಿ ಬಿರುಕು. "ಆವತ್ತು ಇನ್ನೂ ಜೋರಾಗಿ ಓಡಿದ್ರೆ ಮೂಳೆ ಎರಡು ತುಂಡಾಗ್ತಿತ್ತು," ಎಂದರು ಡಾಕ್ಟರು. ಆ ಕಾಲು ಮತ್ತೆಂದೂ ಮೊದಲಿನಂತೆ ಓಡಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗ ಅವಳಿಗೆ ಹೊಳೆಯಿತು. ದಿನವೂ ನನ್ನ ಹೆಜ್ಜೆ ನೋಡುತ್ತಿದ್ದವನಿಗೆ ನನ್ನ ನೋವು ಕಂಡಿರದೆ ಇರುತ್ತದಾ? ಅಯ್ಯೋ, ನನ್ನನ್ನು ಉಳಿಸಿದವನಿಗೆ ನಾನು ಎಂಥ ಮಾತಂದೆ! ಹುಡುಕಿಸುವಷ್ಟರಲ್ಲಿ ಅವನ ಮನೆಯವರು ಊರು ಬಿಟ್ಟಿದ್ದರು.

"ಟೀಚರ್, ಒಳಗೆ ಬನ್ನಿ," ಎಂಬ ಕರೆಗೆ ಬೆಚ್ಚಿದಳು.

ಪರದೆಯ ಮೇಲೆ ಬಿಳಿಯ ಮೂಳೆ. ಅದರಲ್ಲಿ ಕೂದಲೆಳೆಯಂಥ ಗೆರೆ. "ಡಾಕ್ಟರೇ ಹೇಳ್ಬೇಕು. ಆದ್ರೆ ಅಲ್ಲಿವರೆಗೂ ಓಡಿಸ್ಬೇಡಿ," ಎಂದ ಮೆಲ್ಲಗೆ.

ಹುಡುಗಿಯ ಕಣ್ಣು ತುಂಬಿತು. "ಮುಂದಿನ ವಾರ ಆಯ್ಕೆ ಇದೆ ಅಣ್ಣಾ! ನಿಮಗೇನು ಗೊತ್ತು?"

"ಗೊತ್ತಮ್ಮ," ಎಂದ ಅವನು.

ಹುಡುಗಿಯನ್ನು ಹೊರಗೆ ಕೂರಿಸಿ, ಸಮಾಧಾನ ಹೇಳಿ ಅವಳು ಒಬ್ಬಳೇ ಮರಳಿ ಬಂದಳು. ಈಗ ಹೇಳದಿದ್ದರೆ ಮತ್ತೆ ಯಾವಾಗ?

"ಈ ಕೆಲಸಕ್ಕೆ ಯಾಕೆ ಸೇರಿದೆ?"

ಸೀಸದ ಭಾರವಾದ ಏಪ್ರನ್ ಕಳಚುತ್ತಿದ್ದವನ ಕೈ ನಿಂತಿತು. "ನಿನ್ನ ಮೂಳೆ ಬಿರುಕು ಬಿಟ್ಟಿತ್ತು ಅಂತ ಮೇಷ್ಟ್ರು ಹೇಳಿದ್ರು. ಆಮೇಲೆ ಬೇರೆ ಏನೂ ಓದೋಕೆ ಮನಸ್ಸಾಗ್ಲಿಲ್ಲ."

ಅಷ್ಟು ಸಾಕಾಯಿತು ಅವಳಿಗೆ. ಕಣ್ಣೀರು ಧುಮುಕಿತು.

"ನನ್ನ ಕ್ಷಮಿಸು... ನನ್ನ ಕಾಲು ನೋಡೇ ನೀನು ಆವತ್ತು ಸುಮ್ನಾದೆ ಅಂತ ನಂಗೆ ತಡವಾಗಿ ಅರ್ಥ ಆಯ್ತು."

"ಹಾಗಲ್ಲ... ಕೇಳು, ನಾನು..."

"ಬೇಡ, ದೊಡ್ಡ ಮನಸ್ಸು ತೋರಿಸ್ಬೇಡ! ಇಷ್ಟು ವರ್ಷ ಬೇರೆ ಯಾರನ್ನೂ ಒಪ್ಪೋಕಾಗ್ಲಿಲ್ಲ ನಂಗೆ. ಯಾರ ಮಾತು ಕೇಳಿದ್ರೂ ನಿನ್ನ ದನಿ ಅಡ್ಡ ಬರ್ತಿತ್ತು."

ಅವನು ಗೋಡೆಗೆ ಒರಗಿದ. ಅವನ ತುಟಿ ಅಲುಗಿತು. ದನಿ ಬರಲಿಲ್ಲ. ಅವಳು ಅದನ್ನು ಪ್ರೀತಿಯೆಂದುಕೊಂಡಳು. ಪ್ರೀತಿಯೇ ಆಗಿತ್ತು ಕೂಡ.

"ಮಿಸ್, ಅಳು ಮುಗೀತಾ? ಡಾಕ್ಟರ್ ಹೊರಟುಬಿಡ್ತಾರೆ!" ಹೊರಗಿನಿಂದ ಹುಡುಗಿ ಕೂಗಿದಳು.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹೋಗ್ಲಾ?"

"ಹೋಗಿ ಬಾ... ಬರ್ತೀಯಲ್ಲ?"

"ಕುಳ್ಳಿ ಅಂತ ಕರೆದ್ರೆ ಬರ್ತೀನಿ."

"ಬಾ ಕುಳ್ಳಿ," ಎಂದ. ಅವನ ದನಿ ಒಡೆಯಿತು.

ಆ ವರ್ಷವೇ ಅವರ ಮದುವೆಯಾಯಿತು. ಮನೆಗೆ ಬಂದವರಿಗೆಲ್ಲ ಅವಳು ಆ ಓಟದ ಕಥೆ ಹೇಳುತ್ತಾಳೆ, ಹೆಮ್ಮೆಯಿಂದ. ಅವನು ಎದ್ದು ನೀರು ತರಲು ಒಳಗೆ ಹೋಗುತ್ತಾನೆ. ನಾಚಿಕೆ ಸ್ವಭಾವ ಎಂದು ಎಲ್ಲರೂ ನಗುತ್ತಾರೆ.

ಅವಳ ಕಾಲಿಗೆ ನೋವಿದೆ ಎಂದು ಆ ದಿನ ಅವನಿಗೆ ಗೊತ್ತೇ ಇರಲಿಲ್ಲ. ಕೂಗಿದರೆ ಅವಳು ಗೆಲ್ಲುತ್ತಾಳೆ, ಗೆದ್ದರೆ ಹೊರಟುಹೋಗುತ್ತಾಳೆ ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.